ಡಿ ಡ್ರೈವಿನಲ್ಲಿದ್ದ ದನಿ

ಅತ್ತಿಗೆಯ ದನಿ ಮೊದಲ ಸಲ ಸಿಕ್ಕಿಕೊಂಡಾಗ ಮನೆಯವರೆಲ್ಲ ನಕ್ಕುಬಿಟ್ಟರು. ‘ಬಾಗಿಲು ಹಾಕಿಕೊಂಡು ಹೋಗು’ ಎಂದು ಮಗಳಿಗೆ ಹೇಳಲು ಅವರು ಲ್ಯಾಪ್‌ಟಾಪಿನ ಗುಂಡಿ ಒತ್ತಿದರೆ, ಅದು ‘ಬಾ’ ಎಂಬಲ್ಲೇ ನಿಂತು ‘ಬಾ ಬಾ ಬಾ ಬಾ’ ಎಂದು ಹಟ ಹಿಡಿಯಿತು. ಹೊರಟಿದ್ದ ಹುಡುಗಿ ಪೆಚ್ಚಾಗಿ ಮರಳಿ ಬಂದಳು. ಅಷ್ಟರಲ್ಲಿ ಪರದೆ ನೀಲಿಯಾಗಿ ಯಂತ್ರ ತಾನಾಗಿಯೇ ಆರಿಹೋಯಿತು. ನಗದೆ ನಿಂತವನು ಮೈದುನ ಒಬ್ಬನೇ.

ಅವನಿಗೆ ನಗು ಬರುವುದಾದರೂ ಹೇಗೆ? ಗಂಟಲಿನ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕೆಂದು ವೈದ್ಯರು ಹೇಳಿದ ಮೇಲೆ, ಹೋಗುವ ದನಿಯನ್ನು ಮೊದಲೇ ಹಿಡಿದಿಟ್ಟುಕೊಳ್ಳಿ ಎಂದು ಸಲಹೆ ಕೊಟ್ಟಿದ್ದು ಆಸ್ಪತ್ರೆಯವರು, ಹಿಡಿದಿಟ್ಟವನು ಇವನು. ಕಿಟಕಿಗೆ ಕಂಬಳಿ ಕಟ್ಟಿ, ಫ್ಯಾನ್ ಆರಿಸಿ, ಬೆವರು ಒರೆಸಿಕೊಳ್ಳುತ್ತ, ಅತ್ತಿಗೆ ದಿನವೂ ಆಡುವ ಮಾತುಗಳನ್ನೆಲ್ಲ ಒಂದೊಂದಾಗಿ ಹೇಳಿಸಿ ಲ್ಯಾಪ್‌ಟಾಪಿಗೆ ತುಂಬಿದ್ದ. ಫೋನಿನಲ್ಲೂ ಹಾಕೋಣವೆಂದು ಅಣ್ಣ ಹೇಳಿದರೆ, ಫೋನ್ ಕೈಜಾರಿ ಬೀಳುತ್ತದೆ, ಬಸ್ಸಿನಲ್ಲಿ ಕಳೆದುಹೋಗುತ್ತದೆ, ಇದಾದರೆ ಮನೆಯಲ್ಲೇ ಇರುತ್ತದೆ ಎಂದು ಬಾಯಿ ಮುಚ್ಚಿಸಿದ್ದ. ಈಗ ಅತ್ತಿಗೆಯ ಕತ್ತಿನಲ್ಲಿ ಉಸಿರಾಡಲು ಒಂದು ರಂಧ್ರವಿದೆ, ದನಿ ಇಲ್ಲ. ಇದ್ದಬದ್ದ ದನಿಯೆಲ್ಲ ಆ ಹಳೆಯ ಲ್ಯಾಪ್‌ಟಾಪಿನ ಹೊಟ್ಟೆಯೊಳಗಿದೆ.

ಮೈದುನನೇನು ಕಂಪ್ಯೂಟರ್ ಓದಿದವನಲ್ಲ. ವಿಮೆ ಕಚೇರಿಯ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಹಾಳೆಯನ್ನು ಹರಿಯದಂತೆ ಎಳೆದು ಹೆಸರು ಮಾಡಿದವನು. ಆ ಹೆಸರು ಮನೆಯವರೆಗೂ ಬಂದು, ಟಿವಿಯಿಂದ ಹಿಡಿದು ಗೋಡೆ ಗಡಿಯಾರದವರೆಗೆ ಎಲ್ಲದಕ್ಕೂ ಅವನನ್ನೇ ಕರೆಯುವಂತಾಗಿತ್ತು. ಹಾಗಾಗಿ ಯಂತ್ರ ಕೈಕೊಟ್ಟಾಗ ಇವನೇ ಮುಂದಾದ. ದೂಳೇ ಕಾರಣವೆಂದು ಫ್ಯಾನ್ ಒರೆಸಿದ. ರ‍್ಯಾಮ್ ಎಂಬ ನೆನಪಿನ ಪಟ್ಟಿ ಸಡಿಲವಾಗಿರಬೇಕೆಂದು ಕಿತ್ತು ಮತ್ತೆ ಕೂರಿಸಿದ. ವೈರಸ್ ಇರಬೇಕೆಂದು ಸಿ ಡ್ರೈವ್ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಿದ. ಅಳಿಸುವಾಗ ಎಲ್ಲರೂ ಗಾಬರಿಯಾಗಿದ್ದರೂ ಇವನು ನಿಶ್ಚಿಂತನಾಗಿದ್ದ, ಏಕೆಂದರೆ ದನಿಯ ಇನ್ನೊಂದು ಪ್ರತಿ ಡಿ ಡ್ರೈವಿನಲ್ಲಿತ್ತು. ಸಿ ಹೋದರೂ ಡಿ ಉಳಿಯುತ್ತದೆಂದು ಕಚೇರಿಯಲ್ಲಿ ಎಲ್ಲರೂ ಹೇಳುವ ಮಾತು. ಹಾಗೆಯೇ ಉಳಿಯಿತು ಕೂಡ. ಅವನ ನಂಬಿಕೆ ಇಮ್ಮಡಿಯಾಯಿತು.

ಯಂತ್ರ ಮಾತ್ರ ಮತ್ತೆ ಸತ್ತಿತು. ಅತ್ತಿಗೆ ಫೋನನ್ನು ಲ್ಯಾಪ್‌ಟಾಪಿಗೆ ಹಿಡಿದು ನೆರೆಮನೆಯವರಿಗೆ ಏನೋ ಉತ್ತರಿಸುತ್ತಿದ್ದಾಗ ನಡುಮಾತಿನಲ್ಲಿ ಸತ್ತಿತು. ಮಗಳ ಜೊತೆ ಜಗಳವಾಡುವಾಗ ಸತ್ತಿತು, ಗೆದ್ದವಳು ಮಗಳು. ಅತ್ತಿಗೆ ಗುಂಡಿ ಒತ್ತಿ ಕಾಯುತ್ತ ಕೂರುವುದನ್ನು ಮೈದುನನಿಗೆ ನೋಡಲಾಗುತ್ತಿರಲಿಲ್ಲ. ಏನಾಗಿದೆ ಎಂದು ತಿಳಿಯಲೇಬೇಕೆಂದು ದಿನವೂ ಡಿಸ್ಕ್ ತಪಾಸಣೆಗೆ ಹಚ್ಚಿದ. ಪರದೆಯ ಮೇಲೆ ಅಂಕಿಗಳು ಓಡುತ್ತಿದ್ದವು, ಅವನು ಉಗುರು ಕಚ್ಚುತ್ತ ನೋಡುತ್ತಿದ್ದ. ಒಂದು ಬೆಳಿಗ್ಗೆ ಲ್ಯಾಪ್‌ಟಾಪಿನೊಳಗಿಂದ ಸದ್ದು ಕೇಳಿಸಿತು. ಟಕ್. ಆಮೇಲೆ ಸುಮ್ಮನೆ. ಆಮೇಲೆ ಮತ್ತೆ ಟಕ್. ಯಾರೋ ಒಳಗಿನಿಂದ ಉಗುರಿನಲ್ಲಿ ಬಾಗಿಲು ತಟ್ಟಿದ ಹಾಗಿತ್ತು.

ಅಂದೇ ಅತ್ತಿಗೆಯನ್ನೂ ಕರೆದುಕೊಂಡು ರಿಪೇರಿ ಅಂಗಡಿಗೆ ಹೋದ. ಅಂಗಡಿಯಾಕೆ ಮಾತಿನಲ್ಲಿ ಒರಟು, ಕೈ ಮಾತ್ರ ಹಗುರ. ದೂಳು ಬರಬಾರದೆಂದು ಚಪ್ಪಲಿ ಹೊರಗೇ ಬಿಡಿಸುತ್ತಿದ್ದಳು. ಲ್ಯಾಪ್‌ಟಾಪಿಗೆ ಕಿವಿಯಿಟ್ಟು ಕೇಳಿದವಳೇ ಅದನ್ನು ಆರಿಸಿಬಿಟ್ಟಳು. ಎಷ್ಟು ಸಲ ತಪಾಸಣೆ ಮಾಡಿದಿರಿ ಎಂದು ಕೇಳಿದಳು. ದಿನಾ ಎಂದ ಇವನು, ಹೊಗಳುತ್ತಾಳೇನೋ ಎಂಬಂತೆ.

“ಏದುಸಿರು ಬಿಡ್ತಿರೋರನ್ನ ದಿನಾ ಓಡಿಸಿ, ಇನ್ನೆಷ್ಟು ಓಡ್ತಾರೆ ನೋಡೋಣ ಅಂದ ಹಾಗಾಯ್ತು,” ಎಂದಳು ಆಕೆ. ಆಮೇಲೆ ಅತ್ತಿಗೆಯ ಕತ್ತಿನ ರಂಧ್ರ ಮುಚ್ಚಿದ್ದ ಬಟ್ಟೆ ಕಣ್ಣಿಗೆ ಬಿದ್ದು ನಾಲಿಗೆ ಕಚ್ಚಿಕೊಂಡಳು.

ಮೈದುನ ಧೈರ್ಯ ತಂದುಕೊಂಡು, ಸಿ ಡ್ರೈವ್ ಕೆಟ್ಟಿದ್ದರೆ ಕೆಡಲಿ, ನಮಗೆ ಬೇಕಾದ್ದೆಲ್ಲ ಡಿ ಡ್ರೈವಿನಲ್ಲಿದೆ ಎಂದ. ಅಂಗಡಿಯಾಕೆ ಅವನ ಮುಖವನ್ನೇ ನೋಡಿದಳು. ಯಂತ್ರವನ್ನು ಮಗುಚಿ, ತಿರುಪು ಬಿಚ್ಚಿ, ಅಂಗೈಯಗಲದ ಒಂದು ಲೋಹದ ಪೆಟ್ಟಿಗೆ ಹೊರತೆಗೆದು ಮೇಜಿನ ಮೇಲಿಟ್ಟಳು.

“ಸಿ, ಡಿ ಎರಡೂ ಇದೇ ಸರ್. ಮನೆ ಒಂದೇ, ನಡುವೆ ಗೋಡೆ ಹಾಕಿ ಎರಡು ಕೋಣೆ ಮಾಡಿದ್ದಾರೆ. ತಳಪಾಯ ಕುಸಿದ್ರೆ ಎರಡೂ ಕುಸಿಯುತ್ತೆ.”

ಹಿಂದಿನ ಸ್ಟೂಲಿನ ಮೇಲೆ ಅತ್ತಿಗೆ ಕೂತಿದ್ದಾರೆ, ಎಲ್ಲ ಕೇಳಿಸಿಕೊಂಡಿದ್ದಾರೆ ಎಂಬುದು ಮೈದುನನಿಗೆ ಗೊತ್ತಿತ್ತು. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಆಪರೇಷನ್ ದಿನ ಕೂಡ ಅವನಿಗೆ ಹೀಗೆ ಹೆದರಿಕೆಯಾಗಿರಲಿಲ್ಲ. ಅಂದು ಕೆಟ್ಟದಾಗಿದ್ದರೆ ವಿಧಿಯನ್ನು ಬೈಯಬಹುದಿತ್ತು, ಇಂದು ಬೈಯಲು ತಾನೊಬ್ಬನೇ ಇದ್ದ.

ಅಂಗಡಿಯಾಕೆ ಆ ಪೆಟ್ಟಿಗೆಯನ್ನು ತನ್ನ ಕಂಪ್ಯೂಟರಿಗೆ ಜೋಡಿಸಿದಳು. ಇನ್ನು ತಪಾಸಣೆ ಬೇಡ, ಸಿಕ್ಕಿದ್ದನ್ನು ನಕಲು ಮಾಡಿಕೊಳ್ಳುವುದಷ್ಟೇ, ಒಳಗೆ ಸುತ್ತುವ ತಟ್ಟೆಯನ್ನು ಓದುವ ಮುಳ್ಳು ಯಾವ ಗಳಿಗೆಯಲ್ಲಾದರೂ ನಿಲ್ಲಬಹುದು ಎಂದಳು. ಕಡತದ ಹೆಸರುಗಳು ಬಹಳ ಹೊತ್ತು ಕಾಯಿಸಿ ಪರದೆಯ ಮೇಲೆ ಮೂಡಿದವು: ಆಸ್ಪತ್ರೆ, ಅಡುಗೆಮನೆ, ಕರೆಯುವುದು, ಹೊರಗಿನವರು. ಮೊದಲು ಯಾವುದು ಎಂದು ಕೇಳಿದಳು.

ಆಸ್ಪತ್ರೆ ಎಂದ ಮೈದುನ. ನೋವು, ಉಸಿರು, ಬೇಗ ಬನ್ನಿ ಎಂಬ ಮಾತುಗಳೆಲ್ಲ ಅದರಲ್ಲಿದ್ದವು. ಹಿಂದಿನಿಂದ ಒಂದು ಕೈ ಬಂದು ಅವನ ಭುಜ ಹಿಡಿದು ಪಕ್ಕಕ್ಕೆ ಸರಿಸಿತು. ಅತ್ತಿಗೆ ಪರದೆಯ ಮೇಲೆ ‘ಕರೆಯುವುದು’ ಎಂಬುದರ ಮೇಲೆ ಬೆರಳಿಟ್ಟರು. ಇವನು ಬೇಡವೆಂದು ತಲೆಯಾಡಿಸಿದ. ಅವರು ತಮ್ಮ ಫೋನಿನಲ್ಲಿ ಬರೆದು ಅವನ ಮೂಗಿನ ಮುಂದೆ ಹಿಡಿದರು:

“ನೀರು ಬೇಕಾದ್ರೆ ಕೈಯಲ್ಲಿ ತೋರಿಸ್ತೀನಿ. ನೋವಾದ್ರೆ ಮುಖ ನೋಡಿದ್ರೆ ಗೊತ್ತಾಗುತ್ತೆ. ಬೆನ್ನು ತಿರುಗಿಸಿ ಹೋಗ್ತಿರೋರನ್ನ ಕೈಯಲ್ಲಿ ಹೇಗೆ ಕರೀಲಿ?”

ಅಂಗಡಿಯಾಕೆ ‘ಕರೆಯುವುದು’ ಒತ್ತಿದಳು. ನಕಲು ಶುರುವಾಯಿತು. ಮನೆಯ ಪ್ರತಿಯೊಬ್ಬರನ್ನೂ ಅತ್ತಿಗೆ ಬೇರೆ ಬೇರೆ ಬಗೆಯಲ್ಲಿ ಕರೆದು ತುಂಬಿಸಿದ್ದರು, ಮುದ್ದಿನಲ್ಲಿ, ಊಟಕ್ಕೆ, ಸಿಟ್ಟಿನಲ್ಲಿ. ಗಂಡನದು ‘ರೀ’ ಎಂಬ ಚಿಕ್ಕ ಕೂಗು, ಎಲ್ಲ ಬಗೆಯದೂ ತಡೆಯಿಲ್ಲದೆ ಬಂತು. ಮಗಳ ‘ಪುಟ್ಟಿ’ ನಿಂತು ನಿಂತು ಬಂತು. ಟಕ್ ಎಂದಾಗಲೆಲ್ಲ ಮೈದುನ ಕಣ್ಣು ಮುಚ್ಚುತ್ತಿದ್ದ. ತನ್ನ ‘ದೊರೆ’ಯ ಸರದಿ ಬಂದಾಗ ನಕಲಿನ ಹಸಿರು ಗೆರೆ ಅಲುಗಲೇ ಇಲ್ಲ. ಮುದ್ದಿನದು ಓದಲಾಗಲಿಲ್ಲ. ಊಟಕ್ಕೆ ಕರೆಯುವುದೂ ಓದಲಾಗಲಿಲ್ಲ. ಸಿಟ್ಟಿನದು ಬಂತು. ಅದು ಬಂದದ್ದೇ ತಡ ಒಳಗೆ ಏನೋ ಕೆರೆದ ಸದ್ದಾಗಿ, ತಟ್ಟೆ ಸುತ್ತುವುದು ನಿಂತು, ಪೆಟ್ಟಿಗೆ ಮೌನವಾಯಿತು. ಅಂಗಡಿಯಾಕೆ ತಣ್ಣಗಾಗಲು ಬಿಟ್ಟು ನೋಡಿದಳು, ಬೇರೆ ತಂತಿ ಹಾಕಿ ನೋಡಿದಳು, ಕೊನೆಗೆ ಕೈಚೆಲ್ಲಿದಳು. ದೊಡ್ಡ ಊರಿನಲ್ಲಿ ಪೆಟ್ಟಿಗೆ ಬಿಚ್ಚುವವರಿದ್ದಾರೆ, ಆದರೆ ತಟ್ಟೆಯ ಮೇಲ್ಮೈಯೇ ಕೆರೆದುಹೋದ ಮೇಲೆ ಅವರೂ ಏನೂ ಮಾಡಲಾರರು ಎಂದಳು.

ಉಳಿದಷ್ಟನ್ನು ಅತ್ತಿಗೆಯ ಫೋನಿಗೆ ಹಾಕಿಕೊಡಲು ಆಕೆ ಕೂತಳು. ಮೈದುನ ಅತ್ತಿಗೆಯ ಮುಖ ನೋಡದೆಯೇ ಎದ್ದು ಬೀದಿಗಿಳಿದು, ಎಲ್ಲಿಗೆಂದು ಗೊತ್ತಿಲ್ಲದೆ ನಡೆಯತೊಡಗಿದ. ಅಣ್ಣನಿಗೆ ಏನು ಹೇಳುವುದು, ಮಗಳಿಗೆ ಏನು ಹೇಳುವುದು, ನಾಳೆ ಅತ್ತಿಗೆಗೆ ಉಸಿರು ಸಿಕ್ಕಿಕೊಂಡರೆ ಯಾವ ಗುಂಡಿ ಒತ್ತಬೇಕು? ಕಾಲು ಸುಡುತ್ತಿರುವುದೂ ಅವನಿಗೆ ಗೊತ್ತಾಗಲಿಲ್ಲ. ಬೀದಿಯ ತಿರುವು ಹತ್ತಿರವಾಗಿತ್ತು.

“ದೊರೇ, ಕಿವಿ ಕೇಳಿಸಲ್ವಾ ನಿಂಗೆ?”

ಬೆಂಕಿಯಂಥ ಸಿಟ್ಟಿನ ದನಿ. ಅವನು ಅಲ್ಲೇ ಕಲ್ಲಾದ. ತನಗೆ ಸಿಗಬೇಕಾದ ಬೈಗುಳವೇ ಸಿಕ್ಕಿತು ಎನಿಸಿತು. ತಿರುಗಲು ಬಹಳ ಹೊತ್ತು ಹಿಡಿಯಿತು.

ಅಂಗಡಿಯ ಬಾಗಿಲಲ್ಲಿ ಅತ್ತಿಗೆ ಒಂದು ಕೈಯಲ್ಲಿ ಫೋನ್, ಇನ್ನೊಂದರಲ್ಲಿ ಅವನು ಮರೆತ ಚಪ್ಪಲಿ ಹಿಡಿದು ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ಸಿಟ್ಟಿನ ಸುಳಿವೂ ಇರಲಿಲ್ಲ. ಅವನು ನಿಂತಲ್ಲೇ ನಿಂತದ್ದು ಕಂಡು, ಬಾ ಎಂದು ಕತ್ತು ಅಲುಗಿಸಿ ಮತ್ತೆ ಅದನ್ನೇ ಒತ್ತಿದರು. ಅವರ ಹತ್ತಿರ ಅವನಿಗಾಗಿ ಇದ್ದದ್ದು ಅದೊಂದೇ. ಇನ್ನು ಊಟಕ್ಕೆ ಕರೆದರೂ, ಜ್ವರ ಬಂದಾಗ ಹತ್ತಿರ ಕೂತು ಕರೆದರೂ, ಅವನಿಗೆ ಕೇಳುವುದು ಅದೇ ಬೈಗುಳ.

“ಕೇಳಿಸ್ತು ಅತ್ತಿಗೆ, ಬಂದೆ,” ಎಂದು ಅವನು ಬರಿಗಾಲಲ್ಲಿ ಅವರತ್ತ ನಡೆದ.