ಮೂಟೆಗೆ ಹಾಕುವ ಗಂಟು

"ನೀನೂ ಒಬ್ಳು ತಾಯಿನಾ? ನಾಯಿ ಕಟ್ಟಿಹಾಕಿದ ಹಾಗೆ ಕಟ್ಟಿಹಾಕಿದ್ದೀಯಲ್ಲೇ! ಥೂ!"

ಕುಟುಂಬ ನೆರವು ಕಚೇರಿಯ ಮೇಡಂ ಹೊಸಿಲಲ್ಲೇ ನಿಂತು ಉಗಿದರು. ಒಳಗೆ ಕಾಲಿಡಲು ಅವರಿಗೆ ಹೇಸಿಗೆ. ಪಕ್ಕದ ಮನೆಯವಳು ಹೇಳಿಕಳಿಸಿದ ಕೂಡಲೇ ಆಸ್ಪತ್ರೆಯ ಲಾಂಡ್ರಿಯಿಂದ ಎದ್ದೆನೋ ಬಿದ್ದೆನೋ ಎಂದು ಓಡಿಬಂದವಳ ಕೈಯಿಂದ ಸೋಪಿನ ನೀರು ಇನ್ನೂ ಇಳಿಯುತ್ತಿತ್ತು. ಎರಡು ವರ್ಷದ ಮಗಳು ಮಂಚದ ಕಾಲಿನ ಹತ್ತಿರ ಕೂತು ಮೇಡಂ ಕಡೆ ನೋಡಿ ನಗುತ್ತಿದ್ದಳು. ಮನೆಗೆ ಯಾರಾದರೂ ಬಂದರೆ ಸಾಕು, ಅದಕ್ಕೆ ಖುಷಿ.

"ಏನ್ ಮಾಡ್ಲಿ ಮೇಡಂ? ಇವರಪ್ಪ ಹೋದ್ಮೇಲೆ ದುಡಿಯೋಳು ನಾನೊಬ್ಳೇ. ನೋಡ್ಕೊಳ್ತಿದ್ದ ಅಜ್ಜಿ ಹಾಸಿಗೆ ಹಿಡಿದ್ರು. ಕಟ್ಟದೆ ಬಿಟ್ಟೋದ ದಿನ ಸೀದಾ ರೋಡಿಗೇ ಹೋಗ್ಬಿಟ್ಟಿದ್ಲು. ಬಸ್ಸಿನೋನು ಬ್ರೇಕ್ ಹೊಡೆದಿದ್ದಕ್ಕೆ ಉಳ್ಕೊಂಡ್ಲು. ಅದಕ್ಕೇ ತಾನೇ, ಶಿಶುವಿಹಾರದಲ್ಲಿ ಒಂದು ಜಾಗ ಕೊಡ್ಸಿ ಅಂತ ನಿಮ್ಮ ಕಾಲು ಹಿಡ್ದಿದ್ದು?"

"ಹೋದ ಸಲ ನಾವು ಬಂದಾಗ ನೀನು ಮನೇಲಿ ಆರಾಮಾಗಿ ಕೂತಿದ್ದೆ. ಶಿಶುವಿಹಾರ ಇರೋದು ದುಡಿಯೋ ಹೆಂಗಸರಿಗೆ."

"ಮನೇಲಿರು, ನೋಡೋಕೆ ಬರ್ತೀವಿ ಅಂದಿದ್ದು ನೀವೇ ಅಲ್ವಾ? ಅದಕ್ಕೇ ರಜಾ ಹಾಕಿ ಕೂತಿದ್ದೆ."

"ಬಾಯ್ಮುಚ್ಚೇ! ನಾಳೆ ಬೆಳಿಗ್ಗೆ ಮಗೂನ ಎತ್ಕೊಂಡು ಆಫೀಸಿಗೆ ಬಾ. ಬರ್ಲಿಲ್ವೋ, ಪೊಲೀಸರನ್ನ ಕರ್ಕೊಂಡು ಬಂದು ಅನಾಥಾಲಯಕ್ಕೆ ಹಾಕಿಸ್ತೀನಿ."

ಮಗುವಿನ ಸೊಂಟಕ್ಕಿದ್ದದ್ದು ಆಸ್ಪತ್ರೆಯವರು ಬಿಸಾಡಿದ ಬೆಡ್‌ಶೀಟಿನ ಪಟ್ಟಿ. ಒತ್ತಬಾರದೆಂದು ಅವಳು ಅದಕ್ಕೆ ಹಳೆ ಟವೆಲ್ ಸೇರಿಸಿ ಹೊಲಿದಿದ್ದಳು. ನೀರಿನ ಚೆಂಬಿಗೆ ಕೈ ಎಟುಕಬೇಕು, ಒಲೆಗೆ ಎಟುಕಬಾರದು, ಬಾಗಿಲಿಗಂತೂ ಎಟುಕಲೇಬಾರದು. ಅಳೆದೂ ಸುರಿದೂ ಕತ್ತರಿಸಿದ ಉದ್ದ ಅದು. ಮಂಚದ ಕಾಲಿಗೆ ಹಾಕಿದ್ದು ಲಾಂಡ್ರಿಯಲ್ಲಿ ಕೊಳೆ ಬಟ್ಟೆಯ ಮೂಟೆಗೆ ಹಾಕುವ ಗಂಟು, ಎಳೆದಷ್ಟೂ ಬಿಗಿಯುವಂಥದ್ದು. ದಿನವೂ ಅದನ್ನು ಹಾಕಿದ ಮೇಲೆ ಅವಳು ಮಗಳ ಮುಖ ನೋಡದೆ ಹೊರಡುತ್ತಿದ್ದಳು. ಅದನ್ನು ಯಾರ ಮುಂದೆ ಹೇಳುವುದು?

ಮೇಡಂ ಹೋದ ಮೇಲೆ ಮಗಳನ್ನು ಹಾಗೇ ಬಿಟ್ಟು ಲಾಂಡ್ರಿಗೆ ವಾಪಸಾದರೆ ಮೇಸ್ತ್ರಿ ಬಾಗಿಲಲ್ಲೇ ಹಿಡಿದ.

"ಎಲ್ಲಿಗೆ ಸಾಯೋಕೆ ಹೋಗಿದ್ಯೇ? ನಿಮ್ಮಪ್ಪನ ಮನೆ ಅಂದ್ಕೊಂಡ್ಯಾ ಇದನ್ನ?"

"ನಾಳೆ ಬೆಳಿಗ್ಗೆ ಒಂದು ಗಳಿಗೆ ಬಿಡಿ ಅಣ್ಣಾ. ಮಗು ವಿಷಯ..."

"ಹೆರೋವಾಗ ನನ್ನ ಕೇಳಿ ಹೆತ್ಯಾ, ಬೋಸುಡಿ? ನಾಳೆ ಸೈರನ್ ಆಗೋ ಹೊತ್ತಿಗೆ ಇಲ್ಲಿರ್ಬೇಕು. ಇಲ್ಲಾಂದ್ರೆ ಕೆಲಸ ಕೇಳ್ಕೊಂಡು ಗೇಟಲ್ಲಿ ನಿಂತಿದಾರಲ್ಲ, ಅವರಲ್ಲಿ ಒಬ್ಬಳನ್ನ ಒಳಗೆ ಕರ್ಕೊಳ್ತೀನಿ."

ಅವಳು ರಕ್ತದ ಕಲೆಯ ಶೀಟುಗಳನ್ನು ಎತ್ತಿ ಮೆಷಿನ್ನಿಗೆ ತುಂಬಿದಳು. ಅಳು ಬರಲಿಲ್ಲ. ಅಳಲಿಕ್ಕೂ ಪುರುಸೊತ್ತು ಬೇಕಲ್ಲ.

ಮಾರನೆಯ ಬೆಳಿಗ್ಗೆ ಕಚೇರಿಯ ಬಾಗಿಲು ತೆಗೆಯುವಾಗಲೇ ಅವಳು ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದ್ದಳು. ಮೊದಲ ಕಿಟಕಿಯವನು ಎರಡನೆಯದಕ್ಕೆ ಹೋಗು ಎಂದ. ಎರಡನೆಯವಳು ಮೊದಲಿನವನನ್ನೇ ಕೇಳು ಎಂದಳು. ಕೊನೆಗೆ ಮೇಡಂ ಬಂದರು, ಟೀ ಬಂತು. 'ದುಡಿಯುವ ಕುಟುಂಬಗಳಿಗೆ ಆಸರೆ' ಎಂಬ ಬೋರ್ಡಿನ ಕೆಳಗೆ ಕೂತು ಮೇಡಂ ಬಿಸ್ಕತ್ತು ಅದ್ದಿಕೊಂಡರು. ಮಗು ಅದನ್ನೇ ನೋಡಿತು.

"ಶಿಶುವಿಹಾರ ನಮ್ಮ ಕೈಲಿಲ್ಲ. ಅದು ಬೇರೆ ಇಲಾಖೆ. ನಾವು ಎಲ್ಲಾ ಇಲಾಖೆಯೋರನ್ನೂ ಸೇರಿಸಿ ಮಾತಾಡ್ತೀವಿ, ಅಷ್ಟೇ. ಜಾಗ ಸಿಗೋವರೆಗೆ ಮನೇಲಿದ್ದು ಮಗೂನ ನೋಡ್ಕೋ."

"ಮನೇಲಿದ್ರೆ ದುಡಿಯೋಳಲ್ಲ ಅಂತೀರಿ. ದುಡಿಯೋಕೆ ಹೋದ್ರೆ ತಾಯಿನೇ ಅಲ್ಲ ಅಂತೀರಿ. ನಾನು ಎಲ್ಲಿ ಸಾಯ್ಲಿ, ಹೇಳಿ."

"ನಾಲಿಗೆ ಬಿಗಿ ಹಿಡಿ! ಇನ್ನೊಂದ್ಸಲ ಅದನ್ನ ಕಟ್ಟಿದ್ದು ಗೊತ್ತಾದ್ರೆ ಮಗು ನಿನ್ನ ಕೈಲಿರಲ್ಲ."

ಹೊರಗೆ, ಆಸ್ಪತ್ರೆಯ ಕಡೆಯಿಂದ, ಲಾಂಡ್ರಿಯ ಮೊದಲ ಸೈರನ್ ಕೂಗಿತು.

ಅವಳು ಮಗಳನ್ನು ಕೆಳಗಿಳಿಸಿದಳು. ಚೀಲದಿಂದ ಪಟ್ಟಿ ತೆಗೆದು ಮಗುವಿನ ಸೊಂಟಕ್ಕೆ ಸುತ್ತಿದಳು, ಇನ್ನೊಂದು ತುದಿಯನ್ನು ಮೇಡಂ ಮೇಜಿನ ಕಾಲಿಗೆ ಸುತ್ತಿ ಮೂಟೆಯ ಗಂಟು ಹಾಕಿದಳು. ಹಾಲಿನ ಬಾಟಲಿಯನ್ನೂ ಎರಡು ತುಂಡು ಬ್ರೆಡ್ಡನ್ನೂ ಟೀ ಲೋಟದ ಪಕ್ಕ ಇಟ್ಟಳು.

"ಏಯ್! ಏನೇ ಮಾಡ್ತಿದ್ದೀಯ? ಇದನ್ನ ಯಾರು ನೋಡ್ಕೊಳ್ಳೋದು?"

"ಇಷ್ಟು ಜನ ಇದ್ದೀರಲ್ಲ. ಆ ಕಿಟಕಿಯೋರು ಈ ಕಿಟಕಿಗೆ ಕಳಿಸ್ಲಿ, ಈ ಕಿಟಕಿಯೋರು ಆ ಕಿಟಕಿಗೆ ಕಳಿಸ್ಲಿ. ಸಂಜೆ ಶಿಫ್ಟ್ ಬಿಟ್ಮೇಲೆ ಬರ್ತೀನಿ."

"ಪೊಲೀಸರನ್ನ ಕರೀತೀನಿ ಕಣೇ!"

"ಕರೀರಿ. ಎಲ್ಲಿ ಕೆಲಸ ಮಾಡ್ತೀನಿ ಅಂತ ಗೊತ್ತಲ್ಲ ನಿಮಗೆ."

ಬಾಗಿಲವರೆಗೆ ಒಂದೇ ಉಸಿರಿನಲ್ಲಿ ನಡೆದಳು. ಮಗುವಿನ ಅಳು ಕೇಳೀತೇ ಎಂದು ಕಿವಿಯೆಲ್ಲ ಹಿಂದೆಯೇ ಇತ್ತು. ಅತ್ತಿದ್ದರೆ ಓಡಿಹೋಗಿ ಎತ್ತಿಕೊಂಡುಬಿಡುತ್ತಿದ್ದಳೋ ಏನೋ. ಅಳು ಕೇಳಲಿಲ್ಲ. ತಡೆಯಲಾರದೆ ತಿರುಗಿ ನೋಡಿದಳು.

ಜವಾನ ಮಂಡಿಯೂರಿ ಗಂಟನ್ನು ಎಳೆಯುತ್ತಿದ್ದ, ಅದು ಬಿಗಿಯುತ್ತಿತ್ತು. ಮೇಡಂ ಫೋನ್ ಎತ್ತಿಕೊಂಡಿದ್ದರು. ಮಗು ಪಟ್ಟಿ ಮುಗಿಯುವವರೆಗೆ ನಡೆದುಹೋಯಿತು. ಸೊಂಟಕ್ಕೆ ತಡೆ ಸಿಕ್ಕ ಕೂಡಲೇ ನಿಂತಿತು. ಯಾರೂ ಹೇಳದೆ ತಾನಾಗಿಯೇ ವಾಪಸು ಬಂದು, ಮೇಜಿನ ಕಾಲಿಗೆ ಬೆನ್ನು ಕೊಟ್ಟು, ಮನೆಯಲ್ಲಿ ಕೂರುವಂತೆಯೇ ಕೂತುಕೊಂಡಿತು.

ಎರಡನೆಯ ಸೈರನ್ ಆಯಿತು. ಅವಳು ಓಡಿದಳು.