ಬಿಸಿಲಿನ ಹಂಗು

ಹಿರೇಹಡಗಲಿಯಲ್ಲಿ ಕೊಟ್ರಬಸಮ್ಮನ ಮನೆಯಿಂದ ಹಿಡಿ ಸಾಸಿವೆಯನ್ನೋ ಹೆಪ್ಪಿಗೆ ತೊಟ್ಟು ಮಜ್ಜಿಗೆಯನ್ನೋ ಒಯ್ಯದ ಮನೆ ಆ ಓಣಿಯಲ್ಲಿ ಇರಲಿಲ್ಲ. ಆಕೆ ಇನ್ನೊಬ್ಬರ ಮನೆಯಿಂದ ಒಂದು ಕಡ್ಡಿಪೆಟ್ಟಿಗೆ ತಂದದ್ದನ್ನು ಕಂಡವರೂ ಇರಲಿಲ್ಲ. ಕೊಡುವ ಕೈ ಮೇಲೆ, ತಗೊಳ್ಳುವ ಕೈ ಕೆಳಗೆ ಎಂದು ಅವಳ ತಾಯಿ ಚಿಕ್ಕಂದಿನಲ್ಲೇ ಹೇಳಿಕೊಟ್ಟಿದ್ದಳು. ಹೇಳಿಕೊಟ್ಟ ತಾಯಿ ಅದನ್ನು ಎಂದೋ ಮರೆತು, ಊರ ತುಂಬ ಇಸಗೊಂಡು, ಊರ ತುಂಬ ಮಾತಾಡಿಕೊಂಡು ಸುಖವಾಗಿ ಬದುಕಿ ಹೋದಳು. ಮಗಳು ಮಾತ್ರ ಮರೆಯಲಿಲ್ಲ.

ಅವಳ ಗಂಡ ಗಂಗಾಧರ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ. ಮಕ್ಕಳಾಗಿರಲಿಲ್ಲ. ಸಂತೆಗೆ ಹೊರಟಾಗಲೆಲ್ಲ ನಿನಗೇನು ತರಲಿ ಎಂದು ಕೇಳುವುದು, ನನಗೇನು ಬೇಡ ಎಂದು ಅವಳು ಅನ್ನುವುದು, ಅವನು ಬರಿಗೈಲಿ ಬರುವುದು, ಹೀಗೇ ಸಂಸಾರ ನಡೆದಿತ್ತು. ಒಂದು ಬೇಸಿಗೆಯ ಮಧ್ಯಾಹ್ನ ಕರೆಂಟು ಹೋಗಿ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಈ ಫ್ಯಾನೊಂದು ತಿರುಗಿದ್ರ ಸಾಕಾಗಿತ್ತು ನೋಡ್ರಿ" ಎಂದುಬಿಟ್ಟಳು. ಮದುವೆಯಾದಾಗಿನಿಂದ ಹೆಂಡತಿಯ ಬಾಯಿಂದ ಗಂಗಾಧರ ಕೇಳಿದ ಮೊದಲ ಆಸೆ ಅದು. ಅವನ ಕಾಲು ನೆಲಕ್ಕೆ ಹತ್ತಲಿಲ್ಲ. ಹೂವಿನಹಡಗಲಿಗೆ ಓಡಿದವನು ಮಾಳಿಗೆಯ ಮೇಲೆ ಸೋಲಾರ್ ಹಲಗೆಗಳನ್ನು ಹಾಕಿಸಿಯೇ ಬಿಟ್ಟ. ಹೇಗೂ ಕರೆಂಟು ಮನೆಯಲ್ಲೇ ಹುಟ್ಟುತ್ತದಲ್ಲ ಎಂದು ತನಗೊಂದು ಬ್ಯಾಟರಿ ಸ್ಕೂಟರ್ ತಂದು, ಅದನ್ನು ಚಾರ್ಜಿಗೆ ಹಚ್ಚಲು ಹೊರಕಟ್ಟೆಯ ಗೋಡೆಗೆ ದಪ್ಪ ಪ್ಲಗ್ಗೊಂದನ್ನೂ ಕೂಡಿಸಿದ.

ಮುಂದಿನ ಸಲ ಲೈನ್ ಹೋದಾಗ ಇಬ್ಬರೂ ಫ್ಯಾನಿನ ಕೆಳಗೆ ತಲೆಯೆತ್ತಿ ಕೂತರು. ಫ್ಯಾನು ತನ್ನಷ್ಟಕ್ಕೆ ತಾನು ನಿಂತಿತು. ಮಾಳಿಗೆಯ ಮೇಲೆ ಹಂಚು ಕಾಯುವಷ್ಟು ಬಿಸಿಲು, ಕೆಳಗೆ ಬೆವರು. ಹಲಗೆ ಹಾಕಿಹೋದ ಹುಡುಗನಿಗೆ ಫೋನ್ ಮಾಡಿದರೆ, ಅದು ಊರಿನ ಲೈನಿಗೆ ಜೋಡಿಸಿದ ಸೋಲಾರ್, ಲೈನ್ ಸತ್ತರೆ ಗೋಡೆಯ ಮೇಲಿನ ಇನ್ವರ್ಟರ್ ಪೆಟ್ಟಿಗೆ ತಾನೂ ಬಂದ್ ಆಗುತ್ತದೆ, ಇಲ್ಲವಾದರೆ ನಿಮ್ಮ ಮನೆಯ ಕರೆಂಟು ಕಂಬಕ್ಕೆ ಹೋಗಿ ರಿಪೇರಿಗೆ ಹತ್ತಿದವನ ಜೀವ ತೆಗೆಯುತ್ತದೆ ಎಂದ. ಕರೆಂಟು ಹೋದಾಗಲೂ ಬೇಕೆಂದರೆ ಬ್ಯಾಟರಿ ಬೇರೆ ಇಡಬೇಕಂತೆ. ಅದನ್ನು ಗಂಗಾಧರ ಕೇಳಿರಲಿಲ್ಲ, ಹುಡುಗ ಹೇಳಿರಲಿಲ್ಲ. ಕೊಟ್ರಬಸಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಬ್ಯಾಟರಿ ತರುತ್ತೇನೆಂದು ಅವನು ಎದ್ದರೆ, ಬೇಡ, ನಾನು ಬೀಸಣಿಗೆ ಬೀಸಿಕೊಳ್ಳುತ್ತೇನೆ ಎಂದಳು. ಮಳೆಗಾಲದಲ್ಲಿ, ಮಾಗಳದ ಹತ್ತಿರ ಹೊಳೆ ತುಂಬಿದೆಯಂತೆ, ಸ್ಕೂಟರ್ ಮೇಲೆ ಹೋಗಿ ನೋಡಿ ಬರೋಣ ಬಾ ಎಂದು ಕರೆದ. ಈ ವಯಸ್ಸಿನಲ್ಲಿ ನಿಮ್ಮ ಬೆನ್ನಿಗೆ ಕೂತು ಹೋದರೆ ಮಂದಿ ನಕ್ಕಾರು ಎಂದು ಅದಕ್ಕೂ ಬೇಡವೆಂದಳು. ಆ ವರ್ಷದ ದೀಪಾವಳಿಯನ್ನು ಗಂಗಾಧರ ಕಾಣಲಿಲ್ಲ. ಅಂಗಡಿಯ ಕುರ್ಚಿಯಲ್ಲಿ ಕೂತವನು ಕೂತಂತೆಯೇ ಹೋದ.

ಸ್ಕೂಟರನ್ನು ಮೈದುನನ ಮಗ ಒಯ್ದ. ಸೋಲಾರ್ ಉಳಿಯಿತು. ಒಬ್ಬಳ ಮನೆಗೆ ಎಷ್ಟು ಬೇಕು? ಒಂದು ಫ್ಯಾನು, ಒಂದು ಬಲ್ಬು, ವಾರಕ್ಕೊಮ್ಮೆ ಮಿಕ್ಸಿ. ಮಿಕ್ಕಿದ್ದೆಲ್ಲ ಕಂಬದ ಕಡೆ ಹರಿದುಹೋಗುತ್ತಿತ್ತು. ಬಿಲ್ಲಿನವನು ಬಂದು, ನೀವೇ ನಮಗೆ ಕೊಟ್ಟಿದ್ದು ಹೆಚ್ಚಾಗಿದೆ ಎಂದು ನಗುತ್ತ ಹೋಗುತ್ತಿದ್ದ. ಕೊಡುವುದೆಂದರೆ ಹಿಗ್ಗುವ ಕೊಟ್ರಬಸಮ್ಮನಿಗೆ ಇದು ಮಾತ್ರ ಹಿಡಿಸಲಿಲ್ಲ. ದಾಸೋಹಕ್ಕೆ ಅಡಿಗೆ ಮಾಡಿಟ್ಟು, ಉಂಡವರ ಮುಖವನ್ನೇ ಕಾಣದ ಹಾಗಿತ್ತು. ಮಧ್ಯಾಹ್ನಗಳಂತೂ ಮುಗಿಯುತ್ತಲೇ ಇರಲಿಲ್ಲ. ಸಾಸಿವೆಗೆ ಬಂದವರು ಬಾಗಿಲಲ್ಲೇ ಇಸಗೊಂಡು ಬಾಗಿಲಲ್ಲೇ ಹೋಗುತ್ತಿದ್ದರು. ಗೋಡೆಯ ಮೇಲಿನ ಪೆಟ್ಟಿಗೆಯ ಹಸಿರು ದೀಪಕ್ಕೆ, "ಉಂಡೆಯೇನು?" ಎಂದು ಕೇಳಿ, ತನ್ನ ದನಿಗೆ ತಾನೇ ಬೆಚ್ಚಿದ ದಿನಗಳೂ ಇದ್ದವು.

ಅಂಥದೊಂದು ಮಧ್ಯಾಹ್ನ ಮನೆಯ ಮುಂದೆ ಬ್ಯಾಟರಿ ಆಟೋ ಒಂದು ಉಸಿರು ಬಿಟ್ಟಂತೆ ನಿಂತಿತು. ಓಡಿಸುತ್ತಿದ್ದವಳು ಕುರಿಗಾರರ ಮಂಜಮ್ಮ. ಗಂಡ ವರ್ಷದ ಅರ್ಧ ಕುರಿಹಿಂಡಿನ ಹಿಂದೆ ಊರೂರು ಅಲೆಯುವವನು. ಇವಳು ಸಂಘದ ಸಾಲದಲ್ಲಿ ಆಟೋ ತಗೊಂಡು, ಬೆಳಿಗ್ಗೆ ಮಲ್ಲಿಗೆ ಮೊಗ್ಗಿನ ಬುಟ್ಟಿಗಳನ್ನೂ ಕಾಲೇಜಿನ ಹುಡುಗಿಯರನ್ನೂ ಹೂವಿನಹಡಗಲಿಗೆ ಮುಟ್ಟಿಸಿ, ಸಂಜೆ ಹುಡುಗಿಯರನ್ನು ಮರಳಿ ತರುತ್ತಿದ್ದಳು. ಅವಳ ತಗಡಿನ ಮನೆಗಿದ್ದದ್ದು ಬಲ್ಬಿನ ಮಟ್ಟಿಗಿನ ಕರೆಂಟು, ಚಾರ್ಜರ್ ಹಚ್ಚಿದರೆ ಫ್ಯೂಸ್ ಹಾರುತ್ತಿತ್ತು. ಸ್ವಲ್ಪ ಹೊತ್ತು ಹಚ್ಚಿಕೊಳ್ಳಲೇ ಎಂದು ಅವಳು ಅಂಜುತ್ತ ಕೇಳಿದಳು. ಕೊಟ್ರಬಸಮ್ಮ ಕಟ್ಟೆಯ ಪ್ಲಗ್ಗಿನ ಮೇಲಿನ ಧೂಳನ್ನು ಸೆರಗಿನಿಂದಲೇ ಒರೆಸಿಕೊಟ್ಟಳು.

ಪೆಟ್ರೋಲಾದರೆ ಹೊಯ್ಯಿಸಿಕೊಂಡು ಹೊರಟುಬಿಡಬಹುದು, ಬ್ಯಾಟರಿ ಹಾಗಲ್ಲ. ಕಟ್ಟೆಯ ನೆರಳು ರಸ್ತೆ ಮುಟ್ಟುವ ತನಕ ಕೂತಿರಲೇಬೇಕು. ದಿನವೂ ಮಂಜಮ್ಮ ಬಂದಳು, ದಿನವೂ ಕೂತಳು. ಯಾವ ಹುಡುಗಿ ಯಾರ ಫೋನು ಬಂದರೆ ದನಿ ಇಳಿಸುತ್ತಾಳೆ, ಯಾವ ಹೂವಿನಾಕೆ ದಾರಿಯುದ್ದಕ್ಕೂ ಸೊಸೆಯನ್ನು ಬಯ್ಯುತ್ತಾಳೆ, ಗಂಡನ ಹಿಂಡು ಇವತ್ತು ಯಾರ ಹೊಲದಲ್ಲಿ ತಂಗಿದೆ, ಎಲ್ಲವೂ ಆ ಕಟ್ಟೆಗೆ ಬಂತು. ಕೊಟ್ರಬಸಮ್ಮ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಬಡಿಸಿ ಎದುರು ಕೂತು ಕೇಳುತ್ತಿದ್ದಳು. ಗಂಡ ಹೋದ ಮೇಲೆ ಅವಳು ಸರಿಯಾಗಿ ನಕ್ಕದ್ದು ಆಗಲೇ. ಮಧ್ಯಾಹ್ನವಾಗುವ ಮೊದಲು ತಲೆ ಬಾಚಿಕೊಳ್ಳತೊಡಗಿದಳು. ಯಾಕೆಂದು ಕೇಳುವವರು ಯಾರೂ ಇರಲಿಲ್ಲವಾದ್ದರಿಂದ ತಾನೂ ಕೇಳಿಕೊಳ್ಳಲಿಲ್ಲ.

ಮಂಜಮ್ಮ ರೊಕ್ಕ ಚಾಚಿದಳು. ಸೂರ್ಯಪ್ಪ ಪುಕ್ಕಟೆ ಕೊಡುವುದಕ್ಕೆ ನಾನು ರೊಕ್ಕ ತಗೊಂಡರೆ ಮಜ್ಜಿಗೆ ಮಾರಿದಷ್ಟೇ ಪಾಪ ಎಂದು ಕೊಟ್ರಬಸಮ್ಮ ಗದರಿದಳು. ಮಂಜಮ್ಮ ಮಲ್ಲಿಗೆ ತಂದಳು. ನಮ್ಮ ಹಿತ್ತಲಲ್ಲೇ ಇದೆ ಎಂದಳು ಕೊಟ್ರಬಸಮ್ಮ. ಮಾಳಿಗೆ ಹತ್ತಿ ಹಲಗೆಗಳ ಧೂಳು ತೊಳೆದು ಕೊಡುತ್ತೇನೆಂದಳು ಮಂಜಮ್ಮ. ನನ್ನ ಮಾಳಿಗೆ ನಾನು ತೊಳೆದುಕೊಳ್ಳುತ್ತೇನೆಂದಳು ಇವಳು. ಹಡಗಲಿಗೆ ಬಿಡುತ್ತೇನೆ ಕೂಡ್ರಿ ಎಂದರೆ, ಬಸ್ಸಿದೆ ಬಿಡು ಎಂದಳು. ಪ್ರತಿ ಸಲ ಬೇಡವೆಂದಾಗಲೂ ಕೊಟ್ರಬಸಮ್ಮನಿಗೆ ಒಳಗೊಳಗೆ ಸಮಾಧಾನ. ತನ್ನ ಕೈ ಮೇಲೆಯೇ ಇತ್ತಲ್ಲ.

ಒಂದು ದಿನ ಮಂಜಮ್ಮ ಸ್ಟೀಲಿನ ಡಬ್ಬಿ ಹಿಡಿದು ಬಂದಳು. ಎಮ್ಮೆ ಈದಿತ್ತು. ಮೊದಲ ಹಾಲಿಗೆ ಬೆಲ್ಲ ಏಲಕ್ಕಿ ಹಾಕಿ ಗಿಣ್ಣ ಕಾಸಿ ತಂದಿದ್ದಳು. ಮುಚ್ಚಳ ತೆಗೆದಳು. ಕೊಟ್ರಬಸಮ್ಮ ಕೈ ಹಿಂದೆಗೆದುಕೊಂಡಳು.

"ಇದನ್ನ ಯಾಕ ತರಾಕ ಹೋದಿ? ನಿನ್ನ ಮಕ್ಕಳಿಗೆ ಕೊಡು."

"ಒಂದ್ ಚಮಚ ತಗಳ್ರಿ ಅಮ್ಮಾರ."

"ಬ್ಯಾಡ ಅಂದ್ರ ಬ್ಯಾಡ."

ಅಷ್ಟಂದು ಒಳಗೆ ಹೋಗಿ, ಎಂದಿನಂತೆ ತಟ್ಟೆಯಲ್ಲಿ ರೊಟ್ಟಿ ತಂದಿಟ್ಟಳು. ಮಂಜಮ್ಮ ಡಬ್ಬಿಯ ಮುಚ್ಚಳ ಒತ್ತಿ ಹಾಕಿ, ಇವತ್ತು ಹಸಿವಿಲ್ಲ ಎಂದಳು. ಮರುದಿನ ಅವಳು ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೈ ಹುಷಾರಿಲ್ಲವೇನೋ ಎಂದು ಕೊಟ್ರಬಸಮ್ಮ ಕಳವಳಪಟ್ಟಳು. ಆಮೇಲೆ ಆಟೋ ಮನೆಯ ಮುಂದೆಯೇ ಓಡಾಡುವುದು ಕಂಡಿತು. ಮಂಜಮ್ಮ ತಿರುಗಿ ನೋಡುತ್ತಿರಲಿಲ್ಲ. ಉಂಡ ಮನೆಯ ನೆನಪಿಲ್ಲದವಳು ಎಂದು ಕೊಟ್ರಬಸಮ್ಮ ಒಲೆಯ ಮುಂದೆ ಬಯ್ದಳು. ಬಯ್ದರೂ ರೊಟ್ಟಿ ಬಡಿಯುವಾಗ ಒಂದು ಹೆಚ್ಚಿಗೆ ಬಡಿಯುತ್ತಿದ್ದಳು. ಅದು ಸಂಜೆಗೆ ಒಣಗಿ ಕಡಕಾಗುತ್ತಿತ್ತು.

ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬಂದ ಚಹಾದಂಗಡಿಯ ಹಾಲಸ್ವಾಮಿಯಿಂದ ವಿಷಯ ತಿಳಿಯಿತು. ಮಂಜಮ್ಮ ಈಗ ಹಡಗಲಿಯಲ್ಲಿ ದುಡ್ಡು ಕೊಟ್ಟು ಚಾರ್ಜ್ ಮಾಡಿಸುತ್ತಾಳಂತೆ, ಅಲ್ಲಿ ನೆರಳೂ ಇಲ್ಲವಂತೆ, ಬಿಸಿಲಲ್ಲೇ ಆಟೋದೊಳಗೆ ಕೂತಿರುತ್ತಾಳಂತೆ. ಯಾಕಂತೆ ಎಂದು ಕೊಟ್ರಬಸಮ್ಮ ಕೇಳಿದಳು. ಹಾಲಸ್ವಾಮಿ ಗಿಂಡಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

"ಅಮ್ಮಾರು ಎಲ್ಲಾ ಕೊಡ್ತಾರ, ಏನೂ ತಗಳ್ಳಲ್ಲ, ಅಲ್ಲಿ ಕುಂತ್ರ ಭಿಕ್ಷಕ್ಕ ಕುಂತಂಗ ಆಕ್ಕೈತಿ ಅಂದ್ಳು. ಕುರುಬರ ಕೈಯಾಗಿಂದು ಅವರು ಹೆಂಗ ತಿಂದಾರು ಅಂತಾನೂ ಅಂದ್ಳು. ನಾ ಹೇಳಿದೆ ಅನಬ್ಯಾಡ್ರಿ."

ತಾನು ಸ್ವಂತ ತಂಗಿಯ ಮನೆಯದನ್ನೂ ಮುಟ್ಟುವವಳಲ್ಲ, ಇದು ಜಾತಿಯ ಮಾತಲ್ಲ ಎಂದು ಕೊಟ್ರಬಸಮ್ಮ ದೊಡ್ಡ ದನಿಯಲ್ಲೇ ಹೇಳಿದಳು. ಹೌದ್ರಿ ಹೌದ್ರಿ ಎನ್ನುತ್ತ ಹಾಲಸ್ವಾಮಿ ಮಜ್ಜಿಗೆ ಇಸಗೊಂಡು ಹೋದ. ಹೌದೆನ್ನಿಸಿಕೊಳ್ಳಲು ಮತ್ಯಾರೂ ಇಲ್ಲದ ಮನೆಯಲ್ಲಿ ಅವಳು ಕೂತಳು. ಆಗ ನಿಜ ನೆನಪಾಯಿತು. ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ಅವಳ ಕೈ ಹಿಂದೆ ಸರಿದಿತ್ತು. ಮೇಲಿನ ಕೈ, ಕೆಳಗಿನ ಕೈ ಎಂಬ ಲೆಕ್ಕ ಮನಸ್ಸಿಗೆ ಬಂದದ್ದು ಆಮೇಲೆ. ಅದಕ್ಕೂ ಮೊದಲು ಬಂದದ್ದು ಬೇರೆಯೇ ಒಂದು. ಅವಳಿಗೆ ತುಂಬ ನಾಚಿಕೆಯಾಯಿತು. ಹಾಗಾದರೆ ಗಂಗಾಧರನ ವಿಷಯದಲ್ಲಿ ಏನು ಅಡ್ಡ ಬಂದಿತ್ತು? ಅವನು ಸ್ವಂತ ಗಂಡ. ಅವನ ಕೈಯನ್ನೂ ಎಷ್ಟು ಸಲ ತುಂಬಿದ್ದು ತುಂಬಿದಂತೆಯೇ ಹಿಂದಕ್ಕೆ ಕಳಿಸಿದ್ದಳು. ಒಂದು ಹೊಳೆ ತೋರಿಸಿಕೊಂಡು ಬರುವಷ್ಟು ಸುಖವನ್ನೂ ಅವನಿಗೆ ಕೊಟ್ಟಿರಲಿಲ್ಲ. ಊರಿಗೆಲ್ಲ ಕೊಟ್ಟವಳು ಅವನಿಗೆ ಕೊಡದೆ ಇಟ್ಟುಕೊಂಡದ್ದು ಅದೊಂದೇ ಎಂದು ಅವಳು ಸೆರಗು ಬಾಯಿಗೆ ಹಿಡಿದು ಅತ್ತಳು.

ಮರುದಿನ ಮಧ್ಯಾಹ್ನ ಕರೆಂಟು ಹೋಯಿತು. ನಿಂತ ಫ್ಯಾನಿನ ಮೌನದಲ್ಲಿ ದೂರದ ಆಟೋದ ಸದ್ದು ಕೇಳಿತು. ಕೊಟ್ರಬಸಮ್ಮ ಚಪ್ಪಲಿ ಕೂಡ ಮೆಟ್ಟದೆ ಹೊರಗೆ ಬಂದು ರಸ್ತೆಯ ನಡುವೆ ನಿಂತಳು. ಆಟೋ ಖಾಲಿಯಿತ್ತು. ಮಂಜಮ್ಮ ನಿಲ್ಲಿಸಿ, ಇಳಿದು, ಗುರುತಿಲ್ಲದವರನ್ನು ಕೇಳುವಷ್ಟು ಮರ್ಯಾದೆಯಿಂದ ಏನಾಗಬೇಕಿತ್ತು ಎಂದು ಕೇಳಿದಳು. ಕೊಟ್ರಬಸಮ್ಮನಿಗೆ ಬೇಡಿ ರೂಢಿಯಿರಲಿಲ್ಲ.

"ನನ್ನ ಮಾಗಳಕ್ಕ ಕರಕೊಂಡು ಹೋಗತೀಯೇನು? ಹೊಳಿ ನೋಡಬೇಕು."

ಮಂಜಮ್ಮ ಅವಳ ಬರಿಗಾಲನ್ನು ನೋಡಿದಳು. ಆಟೋದ ಮುಂದಿನ ಅಂಕಿಗಳನ್ನು ನೋಡಿದಳು. ಅಷ್ಟು ದೂರ ಹೋಗಿ ಬರುವಷ್ಟು ಚಾರ್ಜ್ ಇಲ್ಲ ಎಂದಳು. ಹಾಗಾದರೆ ಹಚ್ಚು ಎಂದಳು ಕೊಟ್ರಬಸಮ್ಮ, ಕರೆಂಟು ಹೋದದ್ದನ್ನು ಮರೆತು. ಮಂಜಮ್ಮ ಆಟೋ ತಿರುಗಿಸಿ, ಕಟ್ಟೆಯ ಪ್ಲಗ್ಗಿಗೆ ವೈರು ಹಚ್ಚಿದಳು. ಚಾರ್ಜರಿನ ದೀಪ ಹತ್ತಲಿಲ್ಲ.

"ಮ್ಯಾಲ ಇಷ್ಟು ಬಿಸಿಲೈತಿ. ಆದ್ರೂ ಬರಂಗಿಲ್ಲೇನ್ರಿ?"

"ಬರಂಗಿಲ್ಲ. ಅದು ಕೊಡಾಕಷ್ಟ ಕಲತೈತಿ. ಆ ಕಡಿಂದ ಒಂದೀಟು ಬರಲಿಲ್ಲಂದ್ರ ತನಗೂ ಇಲ್ಲ, ಯಾರಿಗೂ ಇಲ್ಲ."

ಇಬ್ಬರೂ ಕಟ್ಟೆಯ ಮೇಲೆ ಕೂತರು. ಮಂಜಮ್ಮ ಅಂಚಿಗೆ, ಎದ್ದು ಹೋಗಲು ಅನುಕೂಲವಾಗುವಂತೆ ಕೂತಳು. ಆಟೋದ ಸೀಟಿನ ಮೇಲೆ ಅದೇ ಸ್ಟೀಲಿನ ಡಬ್ಬಿ ಕಾಣುತ್ತಿತ್ತು.

"ಡಬ್ಬಿಯಾಗ ಏನೈತಿ?"

"ರೊಟ್ಟಿ, ಪುಂಡಿಪಲ್ಯ. ಮುಂಜಾನಿದು, ಆರ್ಯಾವ್ರಿ."

"ನನಗ ಹಸಿವಾಗೈತಿ."

ಮಂಜಮ್ಮ ಅಲುಗಲಿಲ್ಲ. "ಮನ್ಯಾಗ ಅಡಿಗಿ ಮಾಡಿಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಮಾಡೀನಿ."

ಮಂಜಮ್ಮ ಎದ್ದು ಹೋಗಿ ಡಬ್ಬಿ ತಂದಳು. ರೊಟ್ಟಿ ಮುರಿದು, ಪಲ್ಯ ಹಚ್ಚಿ, ಮುಚ್ಚಳದ ಮೇಲಿಟ್ಟು ಕಟ್ಟೆಯ ಮೇಲೆ ಇಡಲು ಬಗ್ಗಿದಳು, ಎತ್ತಿಕೊಳ್ಳುವವರು ಎತ್ತಿಕೊಳ್ಳಲಿ ಎಂಬಂತೆ. ಕೊಟ್ರಬಸಮ್ಮ ಅಂಗೈ ಚಾಚಿ ಮುಚ್ಚಳದ ಕೆಳಗೆ ಹಿಡಿದಳು.

"ಕೈಯಾಗ ಕೊಡು."

ಮಂಜಮ್ಮ ಕೊಟ್ಟಳು. ತಣ್ಣಗಿನ ರೊಟ್ಟಿ, ಹುಳಿ ಹುಳಿ ಪುಂಡಿಪಲ್ಯ. ತನ್ನದಲ್ಲದ ಕೈಯ ಉಪ್ಪು ಖಾರ ನಾಲಗೆಗೆ ಹೊಸದಾಗಿತ್ತು. ಉಪ್ಪು ಒಂದಿಷ್ಟು ಮುಂದಾಗಿತ್ತು, ಅದನ್ನೂ ಹೇಳಿದಳು. ಮಂಜಮ್ಮ ನಗಲಿಲ್ಲ, ಆದರೆ ಕಾಲು ಮೇಲೆತ್ತಿಕೊಂಡು ಕಟ್ಟೆಯ ಒಳಗೆ ಸರಿದು ಗೋಡೆಗೆ ಒರಗಿದಳು.

ಕರೆಂಟು ಬರಲೇ ಇಲ್ಲ. ನೆರಳು ರಸ್ತೆ ಮುಟ್ಟಿತು. ಹುಡುಗಿಯರನ್ನು ತರುವ ಹೊತ್ತಾಯಿತು, ಇದ್ದ ಚಾರ್ಜು ಹಡಗಲಿಯ ಮಟ್ಟಿಗೆ ಸಾಲುತ್ತದೆ, ಇವತ್ತು ಹೊಳೆಗೆ ಆಗುವುದಿಲ್ಲ ಎಂದು ಮಂಜಮ್ಮ ಎದ್ದಳು. ನಾಳೆ ಆದೀತೇ ಎಂದು ಕೇಳಬೇಕೆಂದು ಕೊಟ್ರಬಸಮ್ಮನ ನಾಲಗೆಯ ತುದಿಗೆ ಬಂತು. ಒಂದೇ ದಿನ ಎಷ್ಟೆಂದು ಬೇಡುವುದು ಎಂದು ತಡೆದುಕೊಂಡಳು. ಆಟೋ ಹತ್ತಿ ಕೂತ ಮಂಜಮ್ಮ, ಕಟ್ಟೆಯ ಮೇಲೆ ಮರೆತ ಡಬ್ಬಿಯ ಕಡೆ ಒಮ್ಮೆ ನೋಡಿದಳು. ಇನ್ನೂ ಒಂದು ರೊಟ್ಟಿ ಅದರಲ್ಲಿತ್ತು.

"ಅಲ್ಲೇ ಇರ್ಲಿ ಬಿಡ್ರಿ. ಆಮ್ಯಾಲ ಇಸಗಂತೀನಿ."

ಯಾವಾಗ ಎಂದು ಅವಳು ಹೇಳಲಿಲ್ಲ. ಆಟೋ ಹೋಯಿತು, ರಸ್ತೆ ಮತ್ತೆ ಬರಿದಾಯಿತು, ಮನೆ ಎಂದಿನಷ್ಟೇ ದೊಡ್ಡದಾಗಿ ಕಂಡಿತು. ಸಂಜೆ ಕೊಟ್ರಬಸಮ್ಮ ಉಳಿದ ರೊಟ್ಟಿಯನ್ನೂ ತಿಂದು ಡಬ್ಬಿ ತೊಳೆದಳು. ತನ್ನ ಅಡಿಗೆಮನೆಯಲ್ಲಿ ಇನ್ನೊಬ್ಬರ ಮನೆಯ ಪಾತ್ರೆ ಇದ್ದದ್ದು ಅದೇ ಮೊದಲು. ಖಾಲಿ ಡಬ್ಬಿ ಹಿಂದಿರುಗಿಸಬಾರದೆಂದು ಕೈ ತನ್ನಷ್ಟಕ್ಕೆ ಶೇಂಗಾ ಡಬ್ಬದ ಕಡೆ ಹೋಯಿತು. ತುಂಬಿಟ್ಟರೆ ಈಗಲೇ ಲೆಕ್ಕ ಚುಕ್ತಾ ಆಗಿಬಿಡುತ್ತಿತ್ತು. ಅವಳು ಕೈ ಹಿಂದೆಗೆದುಕೊಂಡು, ಡಬ್ಬಿಯನ್ನು ತನ್ನ ಪಾತ್ರೆಗಳ ನಡುವೆ ಬೋರಲು ಹಾಕಿದಳು. ಮಂಜಮ್ಮ ಬರುವವರೆಗೆ ಆ ಹಂಗು ಮನೆಯಲ್ಲೇ ಇರಲಿ ಎಂದುಕೊಂಡು ದೇವರ ಮುಂದೆ ದೀಪ ಹಚ್ಚಿದಳು.