ಅರಿಷಿಣ ಬೀಸುವ ಹಾಡಿನ ಕೊನೆ

ಅಬಲೂರಿನ ನಮ್ಮಜ್ಜಿ ವೀರವ್ವ ತೀರಿಕೊಂಡಾಗ ನಮ್ಮವ್ವ ಅವಳ ಬೀಸುಕಲ್ಲನ್ನು ಚಕ್ಕಡಿಗೆ ಹಾಕಿಸಿಕೊಂಡು ತಿಳವಳ್ಳಿಗೆ ತಂದುಬಿಟ್ಟಳು. ಒಡಹುಟ್ಟಿದ ತಂಗಿಯನ್ನು ಒಂದು ಮಾತೂ ಕೇಳಲಿಲ್ಲ. ಆ ತಂಗಿ, ಅಂದರೆ ನಮ್ಮ ಚಿಗವ್ವ ಶಾರವ್ವ, ಚಕ್ಕಡಿಗೆ ಅಡ್ಡ ನಿಂತಳಂತೆ.

"ಒಯ್ಯಿ ಅಕ್ಕ, ಕಲ್ಲು ಒಯ್ಯಿ. ಅವ್ವನ ಹಾಡು ಪೂರ್ತಿ ನನ್ನ ಹತ್ರ ಐತಿ. ಅದನ್ನ ಹೆಂಗ ಒಯ್ತಿ?"

ನಮ್ಮವ್ವ ಬಿಡುವವಳೇ? "ನಿನಗಿಂತ ಮೊದಲ ಹುಟ್ಟಿದಾಕಿ ನಾನು. ಹಾಡೂ ನನ್ನ ಹತ್ರನ ಐತಿ," ಅಂದಳು.

ಅಷ್ಟೇ ಜಗಳ. ಚಿಗವ್ವ ಚಿಕ್ಕೇರೂರಿನ ಗಂಡನ ಮನೆ ಸೇರಿದಳು. ಎರಡೂರಿನ ನಡುವೆ ಬಸ್ಸು ಓಡಾಡಿತು, ಇವರಿಬ್ಬರು ಓಡಾಡಲಿಲ್ಲ. ಹಟದಲ್ಲಿ ಇಬ್ಬರೂ ಹೆಸರಾದವರು, ನನಗೂ ಅದು ಬಳುವಳಿಯಾಗಿ ಬಂದಿದೆ.

ಹುಸೇನಸಾಬರ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲಿಗೆ ಕೆಲಸ ಕಡಿಮೆಯಾಯಿತು. ಆದರೂ ಅವ್ವ ಬೇಳೆ ಒಡೆಯುವ ನೆಪ ತೆಗೆದು ಕೂತು ಹಾಡುತ್ತಿದ್ದಳು. ಒಂದು ನುಡಿಗೆ ಬಂದರೆ ಸಾಕು, ಹಾಡು ನಿಲ್ಲುತ್ತಿತ್ತು. "ಮುಂದ?" ಅಂದರೆ, "ಹೊತ್ತಾತು, ಏಳು," ಅನ್ನುತ್ತಿದ್ದಳು. ನಟ್ಟನಡು ಮಧ್ಯಾಹ್ನ ಎಂಥ ಹೊತ್ತೋ!

ಎಂಬತ್ಮೂರನೆಯ ಇಸವಿಯಲ್ಲಿ ನನ್ನ ಮದುವೆ ಗೊತ್ತಾಯಿತು. ಮದುಮಗಳ ಅರಿಷಿಣವನ್ನು ಗಿರಣಿಗೆ ಒಯ್ಯುವಂತಿಲ್ಲ. ಮನೆಯ ಕಲ್ಲಿಗೆ ಪೂಜೆ ಮಾಡಿ, ಇಬ್ಬರು ಮುತ್ತೈದೆಯರು ಎದುರುಬದುರು ಕೂತು, ಒಂದೇ ಗೂಟ ಹಿಡಿದು, ಹಾಡುತ್ತ ಬೀಸಬೇಕು. ಹಾಡು ಮುಗಿಯುವ ಮೊದಲು ಕಲ್ಲು ನಿಲ್ಲಬಾರದು, ಬರಿಗಲ್ಲು ತಿರುಗಲೂಬಾರದು. ಅಜ್ಜಿಯ ಹಾಡು ಬಲ್ಲ ಎರಡನೆಯ ಬಾಯಿ ಚಿಕ್ಕೇರೂರಿನಲ್ಲಿತ್ತು.

"ಚಿಗವ್ವ ಬರದಿದ್ರ ನಾ ಅರಿಷಿಣ ಹಚ್ಚಿಸಿಕೊಳ್ಳಂಗಿಲ್ಲ," ಅಂದೆ.

ಅವ್ವ ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಮೆಲ್ಲಗೆ, "ಆಕಿ ಬಂದ್ರ ಹಾಡು ಪೂರ್ತಿ ಕೇಳಬಹುದಿತ್ತು," ಅಂದಳು. ಆ ದನಿಯಲ್ಲಿದ್ದ ಆಸೆ ಕಂಡು ನನಗೇ ಸಂಕಟವಾಯಿತು. ಮರುದಿನವೇ ಅಪ್ಪ ಕುಂಕುಮ ಕೊಟ್ಟು ಕರೆಯಲು ಬಸ್ಸು ಹತ್ತಿದ.

ಚಿಗವ್ವ ಬಂದಳು. "ಬಾ," ಅಂದಳು ಅವ್ವ. "ಬಂದೆ," ಅಂದಳು ಚಿಗವ್ವ. ಕಾಲಿಗೆ ನೀರು ಕೊಟ್ಟರು, ಚಾ ಕೊಟ್ಟರು, ಮಾತು ಮಾತ್ರ ಅಲ್ಲಿಗೇ ನಿಂತಿತು. ಕಲ್ಲಿನ ಮುಂದೆ ಕೂತು, ಒಬ್ಬಳ ಕೈಮೇಲೆ ಒಬ್ಬಳ ಕೈ ಬಂದಾಗ ಇಬ್ಬರೂ ಬೇರೆ ಕಡೆ ನೋಡುತ್ತಿದ್ದರು. ನಾನು ಪಕ್ಕದಲ್ಲಿ ಮೊರ ಹಿಡಿದು ಕೂತೆ.

ಮೊದಲ ನುಡಿಗಳು ಒಂದೇ ಗಂಟಲಿನಿಂದ ಬಂದಂತಿದ್ದವು. ಆಮೇಲೆ ಅವ್ವ "ಹೊಳಿಯ ದಂಡಿ" ಅಂದಲ್ಲಿ ಚಿಗವ್ವ "ಕೆರಿಯ ದಂಡಿ" ಅಂದಳು.

"ಅಬಲೂರಾಗ ಹೊಳಿ ಎಲ್ಲಿ ಕಂಡಿ ಅಕ್ಕ?" ಅಂದಳು, ಕೈ ನಿಲ್ಲಿಸದೆ.

"ನೀನರ ಅವ್ವನ ಹಾಡಿಗಿ ಚಿಕ್ಕೇರೂರಿನ ಕೆರಿ ತಂದು ಸುರುವೀದಿ!"

ನನಗೆ ನಗು ತಡೆಯಲಾಗಲಿಲ್ಲ. ಅವ್ವನ ಹಾಡಿನಲ್ಲಿ ನಾನು ಹುಟ್ಟಿದ್ದನ್ನು ಹೇಳುವ ನುಡಿಯೊಂದು ಸೇರಿಕೊಂಡಿತ್ತು. ಅದನ್ನು ಮೊದಲ ಸಲ ಕೇಳಿದ ಚಿಗವ್ವ ನನ್ನ ಮುಖ ನೋಡಿ ಕಣ್ಣು ತುಂಬಿಕೊಂಡಳು. ಮುಂದೆ ಅವ್ವನಿಗೆ ಗೊತ್ತಿಲ್ಲದ ನುಡಿಯೊಂದನ್ನು ಚಿಗವ್ವ ಒಬ್ಬಳೇ ಎತ್ತಿದಳು:

ಕಲ್ಲ ಒಯ್ದಾಕಿನ್ನ ಕಣ್ಣಾಗ ಇಟ್ಟೇನ
ಸೊಲ್ಲೊಂದು ಕಳಿಸ ನನ್ನಕ್ಕ – ನಿನ ಮನಿಯ
ಕಲ್ಲಿನ ಮುಂದ ಕುಂತೇನ

ಅವ್ವ ತಲೆ ಎತ್ತಿದಳು. "ಇದು ಅವ್ವಂದಲ್ಲ," ಅಂದಳು.

"ಅಲ್ಲ. ನಂದು."

ಅವ್ವ ಅದೇ ನುಡಿಯನ್ನು ತಾನೂ ಒಮ್ಮೆ ಹಾಡಿದಳು. ಮತ್ತೆ ಇಬ್ಬರ ದನಿ ಕೂಡಿತು:

ಎರಡು ಮಕ್ಕಳ ತಾಯಿ ಎರಡು ತೊಡಿಯೂ ಭಾರ
ಭರದೀಲೆ ತಿರುಗಬ್ಯಾಡ ಕಲ್ಲೆ – ನನ ಕೂಸು
ಎರಡೂ ನಿದ್ದಿಗಿ ಜಾರ್ಯಾವ

ಅವ್ವ ಯಾವಾಗಲೂ ನಿಲ್ಲುತ್ತಿದ್ದ ಜಾಗವಿದು. ಇವತ್ತೂ ನಿಂತಳು, ಆಸೆಯಿಂದ ತಂಗಿಯ ಬಾಯಿ ನೋಡಿದಳು. ಚಿಗವ್ವ ಅವ್ವನ ಬಾಯಿ ನೋಡುತ್ತಿದ್ದಳು. ಕಲ್ಲೊಂದೇ ಗುರುಗುಟ್ಟುತ್ತಿತ್ತು.

"ಹಾಡ ಶಾರಿ, ಮುಂದಿಂದು ಹಾಡ."

"ನೀ ಹಾಡಕ್ಕ. ಅದನ್ನ ಕೇಳಾಕಂತನ ಬಂದೇನಿ."

"ಪೂರ್ತಿ ನನ್ನ ಹತ್ರ ಐತಿ ಅಂದಿದ್ದಿಯಲ್ಲ?"

"ನೀನೂ ಅಂದಿದ್ದಿ."

ಅವ್ವ ಕಲ್ಲು ತಿರುಗಿಸುತ್ತಲೇ ಹೇಳಿದಳು: "ಅವ್ವನ ಈ ಕಡೆ ತೊಡಿ ಮ್ಯಾಲ ನಾ ಮಲಗತಿದ್ದೆ, ಆ ಕಡೆ ನೀ. ಈ ನುಡಿಗಿ ನನಗ ನಿದ್ದಿ ಬರತಿತ್ತು. ನೀ ಸಣ್ಣಾಕಿ, ಹಟಮಾರಿ. ನೀ ಎಚ್ಚರ ಇರತಿದ್ದಿ ಅಂದಕೊಂಡಿದ್ದೆ."

"ನಾನೂ ಮಲಗಿರತಿದ್ದೆ ಅಕ್ಕ," ಅಂದು ಚಿಗವ್ವ ಅತ್ತುಬಿಟ್ಟಳು. "ಅವ್ವ ಒಬ್ಬಾಕಿನ ಹಾಡಿ ಮುಗಸತಿದ್ಲು."

ಕೊನೆ ಯಾರ ಹತ್ತಿರವೂ ಇರಲಿಲ್ಲ. ತಂಗಿಯ ಹತ್ತಿರ ಇದ್ದೇ ಇದೆ ಎಂದು ಅವ್ವ ಇಷ್ಟು ವರ್ಷ ಧೈರ್ಯವಾಗಿದ್ದಳು. ಅಜ್ಜಿ ಸತ್ತಳೆಂಬುದು ಅವಳಿಗೆ ಆವತ್ತೇ ಗೊತ್ತಾಯಿತೇನೋ, ಹಾಗೆ ಅತ್ತಳು.

ಹಾಡು ಮುಗಿಯದೆ ಕಲ್ಲು ನಿಲ್ಲಿಸುವಂತಿಲ್ಲ. ಹಾಡು ಮುಗಿಯುವಂತೆಯೂ ಇರಲಿಲ್ಲ. ಇಬ್ಬರೂ ಕಣ್ಣು ಮುಚ್ಚಿ, ಬಾಯಿ ಮುಚ್ಚಿ, ಮೆಲ್ಲಗೆ ತಿರುಗಿಸುತ್ತಲೇ ಇದ್ದರು. ಕೂಸುಗಳು ಮಲಗಿದ ಮೇಲಿನ ಸದ್ದು ಅದು, ಕಲ್ಲಿನದೊಂದೇ. ಅರಿಷಿಣ ತೀರುತ್ತ ಬಂದಿತ್ತು. ಕಲ್ಲು ಬರಿದಾಗಬಾರದೆಂದು ನಾನು ಇನ್ನೊಂದು ಹಿಡಿ ಹಾಕಿದೆ. ಅದು ತೀರಿದಾಗ ಮತ್ತೊಂದು.

ನನ್ನ ಮದುವೆಯಲ್ಲಿ ಅರಿಷಿಣ ಬೇಕಾದದ್ದಕ್ಕಿಂತ ಬಹಳ ಹೆಚ್ಚಾಗಿತ್ತು. ಬೀಗರು ನಕ್ಕರು. ಚಿಗವ್ವ ಚಿಕ್ಕೇರೂರಿಗೆ ಹೊರಟಾಗ ಅವ್ವ ಉಳಿದದ್ದನ್ನೆಲ್ಲ ಅವಳ ಸೆರಗಿಗೆ ಸುರಿದು ಗಂಟು ಹಾಕಿ, "ತೀರಿದ ಮ್ಯಾಲ ಬಾ, ಬೀಸೂಣು," ಅಂದಳು.